ತಪ್ಪಿದರೆ ನಷ್ಟ ಯಾರದು? ಸಂದರ್ಭವರಿತು ನಡೆಯುವ ಗಣಕ ವ್ಯವಸ್ಥೆಗಳ ವಿನ್ಯಾಸ

(ಕಾಮಗೆರೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ನಿಮ್ಮ ಜೇಬಿನಲ್ಲಿರುವ ಫೋನನ್ನು ಅಡ್ಡ ಹಿಡಿದರೆ ಪರದೆಯೂ ಅಡ್ಡವಾಗುತ್ತದೆ. ಬಿಸಿಲಿಗೆ ಬಂದರೆ ಬೆಳಕು ಹೆಚ್ಚಿಸಿಕೊಳ್ಳುತ್ತದೆ, ಕಿವಿಗೆ ಹಿಡಿದರೆ ಪರದೆ ಆರಿಸಿಕೊಳ್ಳುತ್ತದೆ. ಹಾಗೆ ಮಾಡು ಎಂದು ಯಾರೂ ಹೇಳಿರುವುದಿಲ್ಲ. ಯಂತ್ರವೇ ಸುತ್ತಲಿನ ಸ್ಥಿತಿ ನೋಡಿ ತನ್ನ ನಡೆಯನ್ನು ಬದಲಿಸಿಕೊಳ್ಳುತ್ತದೆ. ಇಂಥದ್ದನ್ನು ಸಂದರ್ಭವರಿತ ಗಣಕ ವ್ಯವಸ್ಥೆ ಎನ್ನುತ್ತಾರೆ. ಎಲ್ಲಿದ್ದೀರಿ, ಈಗ ಹೊತ್ತೆಷ್ಟು, ಜೊತೆಗೆ ಯಾರಿದ್ದಾರೆ, ಏನು ಮಾಡುತ್ತಿದ್ದೀರಿ ಎಂಬುದನ್ನೆಲ್ಲ ಊಹಿಸಿ ಅದಕ್ಕೆ ತಕ್ಕಂತೆ ನಡೆದುಕೊಳ್ಳುವುದು ಇದರ ಕೆಲಸ.

ಪರದೆ ತಪ್ಪಾಗಿ ತಿರುಗಿದರೆ ಯಾರಿಗೂ ಏನೂ ಆಗುವುದಿಲ್ಲ, ಕೈ ತಿರುಗಿಸಿದರೆ ಸರಿಹೋಗುತ್ತದೆ. ಇದೇ ಊಹೆಯ ಯಂತ್ರ ಈಗ ರೇಷ್ಮೆ ಹುಳದ ಮನೆಗೆ, ಹೊಲಕ್ಕೆ, ನ್ಯಾಯಬೆಲೆ ಅಂಗಡಿಗೆ, ಕಾಡಂಚಿನ ದಾರಿಗೆ ಬಂದಿದೆ. ಅಲ್ಲಿ ಊಹೆ ತಪ್ಪಿದರೆ ಬೆಳೆ ಹೋಗುತ್ತದೆ, ಅಕ್ಕಿ ಹೋಗುತ್ತದೆ, ಒಮ್ಮೊಮ್ಮೆ ಜೀವವೂ ಹೋಗುತ್ತದೆ. ಯಂತ್ರ ಎಷ್ಟು ಜಾಣ ಎಂದು ಕೇಳುವ ಮೊದಲು, ಅದು ತಪ್ಪಿದಾಗ ನಷ್ಟ ಯಾರ ತಲೆಗೆ ಬರುತ್ತದೆ ಎಂದು ಕೇಳಬೇಕು. ಯಂತ್ರಕ್ಕೆ ಎಷ್ಟು ಸ್ವಾತಂತ್ರ್ಯ ಕೊಡಬೇಕು ಎಂಬುದನ್ನು ಆ ಉತ್ತರವೇ ತೀರ್ಮಾನಿಸಬೇಕು. ನನ್ನ ಇವತ್ತಿನ ಮಾತೆಲ್ಲ ಇದನ್ನು ಕುರಿತದ್ದು.

ಹಿಂದಿನ ಕಥೆ

ಅಮೆರಿಕದ ಝೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿದ್ದ ಮಾರ್ಕ್ ವೈಸರ್ 1991ರಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಗೆ ಒಂದು ಲೇಖನ ಬರೆದರು. ಗಣಕ ಮೇಜಿನ ಮೇಲೆ ಕೂತು ಗಮನ ಬೇಡುವುದು ನಿಲ್ಲಬೇಕು, ಅದು ಗೋಡೆಯಲ್ಲಿ, ಕೈಯಲ್ಲಿ, ಕೋಣೆಯಲ್ಲಿ ಬೆರೆತುಹೋಗಿ ಕಣ್ಣಿಗೆ ಬೀಳದಂತೆ ಕೆಲಸ ಮಾಡಬೇಕು ಎಂಬುದು ಅವರ ಕನಸು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ, ಆಲಿವೆಟ್ಟಿ ಪ್ರಯೋಗಾಲಯದ ರಾಯ್ ವಾಂಟ್, ಆಂಡಿ ಹಾಪರ್ ಮುಂತಾದವರು ಎದೆಗೆ ಸಿಕ್ಕಿಸಿಕೊಳ್ಳುವ ಬಿಲ್ಲೆಯೊಂದನ್ನು ಮಾಡಿದರು. ಕೆಲವು ಸೆಕೆಂಡಿಗೊಮ್ಮೆ ಅದು ಅವಗೆಂಪು ಕಿರಣದ ಸಂಕೇತ ಕಳಿಸುತ್ತಿತ್ತು. ಯಾರು ಯಾವ ಕೋಣೆಯಲ್ಲಿದ್ದಾರೆ ಎಂಬುದು ಅದರಿಂದ ತಿಳಿದು, ಅವರಿಗೆ ಬಂದ ದೂರವಾಣಿ ಕರೆಯನ್ನು ಹತ್ತಿರದ ಫೋನಿಗೆ ತಿರುಗಿಸಬಹುದಿತ್ತು. ಬೇಡವೆಂದವರು ಬಿಲ್ಲೆ ಕಳಚಿಡಬಹುದಿತ್ತು. ಈ ಕಳಚಿಡುವ ಅವಕಾಶವನ್ನು ನೆನಪಿಟ್ಟುಕೊಳ್ಳಿ. 1994ರಲ್ಲಿ ಬಿಲ್ ಶಿಲಿಟ್ ಮತ್ತು ಸಂಗಡಿಗರು ಈ ಬಗೆಯ ವ್ಯವಸ್ಥೆಗಳಿಗೆ ಹೆಸರಿಟ್ಟು ಸಿದ್ಧಾಂತದ ರೂಪ ಕೊಟ್ಟರು.

ಅದೇ ಪಾಲೊ ಆಲ್ಟೊ ಕೇಂದ್ರದಿಂದಲೇ ಎಚ್ಚರಿಕೆಯ ದನಿಯೂ ಬಂದಿತ್ತು. ಲೂಸಿ ಸಕ್‌ಮನ್ ಎಂಬ ಮಾನವಶಾಸ್ತ್ರಜ್ಞೆ, ನೆರವಿನ ಸೂಚನೆ ಕೊಡುವ ನಕಲು ಯಂತ್ರದ ಮುಂದೆ ಜನ ಪಡುವ ಪಾಡನ್ನು ಚಿತ್ರೀಕರಿಸಿ ಅಧ್ಯಯನ ಮಾಡಿ 1987ರಲ್ಲಿ ಪುಸ್ತಕ ಬರೆದರು. ಮನುಷ್ಯರು ಮಾತಾಡಿಕೊಳ್ಳುತ್ತಾರೆ, ತಬ್ಬಿಬ್ಬಾಗುತ್ತಾರೆ, ಕೈ ತೋರಿಸುತ್ತಾರೆ. ಯಂತ್ರಕ್ಕೆ ಇದೊಂದೂ ಕಾಣದು, ಗುಂಡಿ ಒತ್ತಿದ್ದು, ಮುಚ್ಚಳ ತೆರೆದದ್ದು ಮಾತ್ರ ಗೊತ್ತಾಗುತ್ತದೆ. ಅಷ್ಟು ಸಣ್ಣ ಕಿಂಡಿಯಿಂದ ನೋಡಿ ಅದು ಇಡೀ ಸಂದರ್ಭವನ್ನು ಅರಿತಂತೆ ಉಪದೇಶ ಮಾಡಿದಾಗ ಕೆಲಸ ಕೆಡುತ್ತದೆ.

ಹೀಗೆ ಕೆಟ್ಟದ್ದಕ್ಕೆ ಹೆಸರಾದದ್ದು ಮೈಕ್ರೋಸಾಫ್ಟ್‌ನ ಆಫೀಸ್ 97ರಲ್ಲಿದ್ದ ಕಾಗದದ ಕ್ಲಿಪ್ಪಿನ ಬೊಂಬೆ. ಕಾಗದ ಬರೆಯಲು ಕೂತರೆ ಸಾಕು, ನೆರವು ಬೇಕೇ ಎಂದು ಮಧ್ಯೆ ಬಾಯಿ ಹಾಕುತ್ತಿತ್ತು. ಜನ ಬೇಸತ್ತರು, ಕಂಪನಿ 2007ರ ಆವೃತ್ತಿಯ ಹೊತ್ತಿಗೆ ಅದನ್ನು ಕೈಬಿಟ್ಟಿತು. ಅದರ ಹಿಂದಿನ ಸಂಶೋಧನೆಯಲ್ಲಿದ್ದ ಎರಿಕ್ ಹಾರ್ವಿಟ್ಸ್ 1999ರಲ್ಲಿ ಬರೆದ ಲೇಖನದಲ್ಲಿ ಒಂದು ಲೆಕ್ಕಾಚಾರವಿದೆ. ಯಂತ್ರದ ಮುಂದೆ ಯಾವಾಗಲೂ ಮೂರು ದಾರಿ: ಸುಮ್ಮನಿರುವುದು, ಕೇಳುವುದು, ತಾನೇ ಮಾಡುವುದು. ಊಹೆ ಸರಿಯಿರುವ ಸಾಧ್ಯತೆ ಎಷ್ಟು, ಸರಿಯಾದರೆ ಲಾಭವೆಷ್ಟು, ತಪ್ಪಾದರೆ ನಷ್ಟವೆಷ್ಟು ಎಂದು ತೂಗಿ ದಾರಿ ಆರಿಸಬೇಕು. ಹಾರ್ವಿಟ್ಸ್ ಇದನ್ನು ಕಚೇರಿಯ ಕೆಲಸಕ್ಕೆ ಹೇಳಿದರು. ನಮ್ಮ ಸೀಮೆಗೆ ತಂದಾಗ ಇನ್ನೊಂದು ಪ್ರಶ್ನೆ ಸೇರುತ್ತದೆ: ಲಾಭ ಒಬ್ಬರಿಗೆ, ನಷ್ಟ ಇನ್ನೊಬ್ಬರಿಗೆ ಆಗುವಲ್ಲಿ ತಕ್ಕಡಿ ಹಿಡಿಯುವವರು ಯಾರು?

ನಮ್ಮ ರಾಜ್ಯದಲ್ಲೂ ಈ ವಿಚಾರಕ್ಕೆ ಒಂದು ಪೂರ್ವಕಥೆಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಅವರು ಎನ್‌ಕೋರ್ ಕಂಪನಿಯ ಎಂಜಿನಿಯರುಗಳ ಜೊತೆಗೂಡಿ ಸಿಂಪ್ಯೂಟರ್ ಎಂಬ ಅಂಗೈಯಗಲದ ಗಣಕ ರೂಪಿಸಿದರು. 2001ರಲ್ಲಿ ಅದರ ಮಾದರಿ ಹೊರಬಂತು. ಓದಲು ಬಾರದವರಿಗೂ ದಕ್ಕಲೆಂದು ಅದು ಬರಹವನ್ನು ಓದಿ ಹೇಳುವಂತೆ ಯೋಜಿಸಿದ್ದರು. ಊರಿಗೆಲ್ಲ ಒಂದೇ ಯಂತ್ರ ಸಾಕು, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಸ್ಮಾರ್ಟ್ ಕಾರ್ಡ್ ಇರಲಿ ಎಂಬುದು ಅದರ ಮುಖ್ಯ ಕಲ್ಪನೆ. ಕಾರ್ಡ್ ತೂರಿಸಿದರೆ ಯಂತ್ರ ನಿಮ್ಮದಾಗುತ್ತದೆ, ಎಳೆದುಕೊಂಡರೆ ನಿಮ್ಮ ವಿವರ ನಿಮ್ಮ ಜೊತೆಗೇ ಹೋಗುತ್ತದೆ. ನೀವು ಯಾರೆಂದು ಯಂತ್ರ ಊಹಿಸುತ್ತಿರಲಿಲ್ಲ, ನೀವೇ ಹೇಳುತ್ತಿದ್ದಿರಿ. 2004ರಲ್ಲಿ ಬಿ.ಇ.ಎಲ್. ತಯಾರಿಸಿದ ಅಮಿಡಾ ಮಾದರಿಯಲ್ಲಿ ಕೈಯ ಓಲಾಟಕ್ಕೆ ಸ್ಪಂದಿಸುವ ಸಂವೇದಕವೂ ಇತ್ತು. ಮಾರುಕಟ್ಟೆಯಲ್ಲಿ ಸಿಂಪ್ಯೂಟರ್ ನಿಲ್ಲಲಿಲ್ಲ, ಅಗ್ಗದ ಮೊಬೈಲುಗಳು ಆ ಜಾಗ ತುಂಬಿದವು. ಸಂದರ್ಭದ ಕೀಲಿ ಬಳಸುವವನ ಕೈಯಲ್ಲಿರಬೇಕು ಎಂಬ ಅದರ ವಿಚಾರ ಮಾತ್ರ ಇಂದಿಗೂ ಹಳತಾಗಿಲ್ಲ.

ಹುಳದ ಮನೆಯಲ್ಲಿ

ರೇಷ್ಮೆ ಸಾಕುವವರ ಮುಂದೆ ಹುಳದ ವಿಷಯ ಹೇಳುವುದು ನನಗೆ ಸಂಕೋಚವೇ. ಆದರೂ ಸಂದರ್ಭ ಎಂದರೇನು ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇರೆ ಕಾಣೆ.

ಚಾಕಿ ಹುಳಕ್ಕೆ, ಅಂದರೆ ಎಳೆಯ ಹುಳಕ್ಕೆ, 26ರಿಂದ 28 ಡಿಗ್ರಿ ಶಾಖ, ಶೇ 80ಕ್ಕೂ ಮೇಲ್ಪಟ್ಟ ತೇವಾಂಶ ಬೇಕು. ಬೆಳೆದ ಹುಳಕ್ಕೆ 24-25 ಡಿಗ್ರಿ, ಶೇ 70ರ ಆಸುಪಾಸು ಸಾಕು. ಇಷ್ಟನ್ನು ಯಂತ್ರಕ್ಕೆ ಕಲಿಸುವುದು ಸುಲಭ. ಅಗ್ಗದ ಸಂವೇದಕವೊಂದು ಶಾಖ, ತೇವ ಎರಡನ್ನೂ ಅಳೆಯುತ್ತದೆ. ಕಡಿಮೆಯಾದರೆ ಹೀಟರ್ ಹಾಕು, ಒಣಗಿದರೆ ನೀರು ಸಿಂಪಡಿಸು ಎಂಬ ನಿಯಮ ಬರೆದರೆ ಸ್ವಯಂಚಾಲಿತ ಹುಳದ ಮನೆ ಸಿದ್ಧ ಎನಿಸುತ್ತದೆ.

ಆದರೆ ಹುಳ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ತಲೆಯೆತ್ತಿ ಅಲುಗಾಡದೆ ನಿಲ್ಲುತ್ತದೆ, ಹಳೆಯ ಚರ್ಮ ಕಳಚುವವರೆಗೆ ಸೊಪ್ಪು ಮುಟ್ಟುವುದಿಲ್ಲ. ಆಗ ಸೊಪ್ಪು ನಿಲ್ಲಿಸಬೇಕು, ಹಾಸಿಗೆ ಒಣಗಿರಬೇಕು, ಸುಣ್ಣದ ಪುಡಿ ಉದುರಿಸಬೇಕು, ಗಾಳಿಯಾಡಬೇಕು. ನಿನ್ನೆ ಸಂಜೆಯವರೆಗೆ ತೇವ ಬೇಡುತ್ತಿದ್ದ ಹುಳಕ್ಕೆ ಇವತ್ತು ಅದೇ ತೇವ ಶತ್ರು. ಸಂವೇದಕದ ಕಣ್ಣಿಗೆ ಕೋಣೆ ನಿನ್ನೆಯದೇ, ಶಾಖವೂ ನಿನ್ನೆಯದೇ, ತೇವಾಂಶ ಸ್ವಲ್ಪ ಇಳಿದಿದೆ ಅಷ್ಟೆ. ಅದು ತನ್ನ ಕರ್ತವ್ಯವೆಂದು ನೀರು ಸಿಂಪಡಿಸುತ್ತದೆ. ಬಾಗಿಲಲ್ಲಿ ನಿಂತು ಒಮ್ಮೆ ಕಣ್ಣಾಡಿಸಿದ ಮನೆಯಾಕೆ ಮಾತ್ರ ಹೇಳುತ್ತಾಳೆ: "ಹುಳ ಜ್ವರಕ್ಕೆ ಕೂತವೆ, ನೀರು ನಿಲ್ಸು." ಸಕ್‌ಮನ್ ನಕಲು ಯಂತ್ರದಲ್ಲಿ ಕಂಡ ಸಣ್ಣ ಕಿಂಡಿ ಇಲ್ಲಿಯೂ ಇದೆ. ಅಳೆಯಲು ಸುಲಭವಾದದ್ದನ್ನು ಯಂತ್ರ ಸಂದರ್ಭವೆಂದು ತಿಳಿದಿದೆ. ನಿಜವಾದ ಸಂದರ್ಭ ಹುಳದ ಮೈಯಲ್ಲಿದೆ.

ಕ್ಯಾಮೆರಾ ಇಟ್ಟು, ಜ್ವರಕ್ಕೆ ಕೂತ ಹುಳವನ್ನು ಗುರುತಿಸಲು ಯಂತ್ರಕ್ಕೆ ಕಲಿಸಬಹುದಲ್ಲ ಎಂದು ವಿದ್ಯಾರ್ಥಿಗಳು ಕೇಳಬಹುದು. ಕಲಿಸಬಹುದು, ಆ ಪ್ರಯತ್ನ ಒಳ್ಳೆಯದೇ. ಆದರೆ ಲೆಕ್ಕ ನೋಡಿ. ನೂರು ಚಿಟ್ಟೆಗಳು ಇಟ್ಟ ಮೊಟ್ಟೆ ಎಂದರೆ ನಲವತ್ತು ಸಾವಿರದಷ್ಟು ಹುಳ. ಎಲ್ಲವೂ ಒಂದೇ ಗಳಿಗೆಯಲ್ಲಿ ಕೂರುವುದಿಲ್ಲ, ಒಂದೇ ಗಳಿಗೆಯಲ್ಲಿ ಏಳುವುದೂ ಇಲ್ಲ. ಬಹುಪಾಲು ಎದ್ದ ಮೇಲೆ ಸೊಪ್ಪು ಕೊಡಬೇಕೆಂಬುದು ನಿಯಮ. ಮೊದಲೇ ಕೊಟ್ಟರೆ ಹುಳ ಏರುಪೇರಾಗುತ್ತದೆ, ಕೊನೆಗೆ ಗೂಡು ಒಂದೇ ಸಮ ಬರುವುದಿಲ್ಲ. ಊಹೆ ತಪ್ಪಿದರೆ ಇಪ್ಪತ್ತೈದು ದಿನದ ದುಡಿಮೆಗೆ ಪೆಟ್ಟು. ಇಲ್ಲಿ ಯಂತ್ರ ತಾನೇ ನಿರ್ಧರಿಸಕೂಡದು. "ಜ್ವರಕ್ಕೆ ಕೂತಂತೆ ಕಾಣುತ್ತಿದೆ, ನೀರು ನಿಲ್ಲಿಸಲೇ?" ಎಂದು ಕೇಳಬೇಕು. ರಾತ್ರಿ ಎರಡು ಗಂಟೆಗೆ ಶಾಖ ಇಳಿದು ಹೀಟರ್ ಹಾಕುವುದಾದರೆ ಕೇಳುವ ಅಗತ್ಯವಿಲ್ಲ. ಅದು ತಪ್ಪಿದರೂ ಬೆಳಗ್ಗೆ ಸರಿಪಡಿಸಬಹುದು, ಮನೆಯವರ ನಿದ್ದೆ ಉಳಿಯುತ್ತದೆ. ಒಂದೇ ಕೋಣೆಯಲ್ಲಿ ಒಂದು ಕೆಲಸಕ್ಕೆ ಪೂರ್ತಿ ಸ್ವಾತಂತ್ರ್ಯ, ಇನ್ನೊಂದಕ್ಕೆ ಅರ್ಧ. ವಿನ್ಯಾಸ ಎಂದರೆ ಈ ಗೆರೆಗಳನ್ನು ಎಳೆಯುವುದು.

ಕರೆಂಟು ಹೋದಾಗಿನ ಮಾತೂ ಇದೆ. ಯಂತ್ರ ಆರಿದ ಮೇಲೂ ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟುವ ಕೈ ಇರಲೇಬೇಕು. ಹತ್ತು ವರ್ಷ ಎಲ್ಲವನ್ನೂ ಯಂತ್ರಕ್ಕೆ ಬಿಟ್ಟ ಮನೆಯಲ್ಲಿ ಆ ಕೈಗೆ ಅಭ್ಯಾಸ ಉಳಿದಿರುತ್ತದೆಯೇ? ಒಳ್ಳೆಯ ವ್ಯವಸ್ಥೆ ತಾನು ಏಕೆ ಹೀಗೆ ಮಾಡಿದೆ ಎಂದು ಹೇಳುತ್ತಿರಬೇಕು. ಮನೆಯ ಮಕ್ಕಳು ಅದರಿಂದಲೂ ಹುಳದ ಗುಣ ಕಲಿಯುವಂತಿರಬೇಕು.

ಕಾಡಂಚಿನ ದಾರಿಯಲ್ಲಿ

ಮಲೆ ಮಹದೇಶ್ವರ ಬೆಟ್ಟ, ಕಾವೇರಿ, ಬಿಳಿಗಿರಿರಂಗನ ಬೆಟ್ಟ ಎಂಬ ಮೂರು ರಕ್ಷಿತ ಕಾಡುಗಳು ಕೊಳ್ಳೇಗಾಲ, ಹನೂರು ಸೀಮೆಯನ್ನು ಸುತ್ತುವರಿದಿವೆ, ಅಲ್ಲಿಂದ ಆನೆ ಹೊಲಕ್ಕೂ ದಾರಿಗೂ ಇಳಿಯುತ್ತದೆ. ಆನೆಯ ವಿಷಯದಲ್ಲಿ ಸಂದರ್ಭವರಿತ ವ್ಯವಸ್ಥೆ ಎಂದರೆ ಹೇಗಿರಬೇಕು ಎಂಬುದಕ್ಕೆ ತಮಿಳುನಾಡಿನ ವಾಲ್‌ಪಾರೈಯಲ್ಲಿ ಒಳ್ಳೆಯ ಮಾದರಿಯಿದೆ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಎಂ. ಆನಂದ ಕುಮಾರ್ ಮತ್ತು ತಂಡದವರು ಅಲ್ಲಿನ ಚಹಾ ತೋಟಗಳ ನಡುವೆ ಇದನ್ನು ಕಟ್ಟಿದರು. ಆನೆ ಎಲ್ಲಿದೆ ಎಂಬ ಸುದ್ದಿ ಮೊದಲು ಸ್ಥಳೀಯ ಕೇಬಲ್ ಟಿ.ವಿ.ಯ ಅಡಿಬರಹದಲ್ಲಿ ಬರುತ್ತಿತ್ತು. 2011ರಿಂದ ಆನೆಯ ಆಸುಪಾಸಿನಲ್ಲಿರುವವರಿಗೆ ಎಸ್ಸೆಮ್ಮೆಸ್ ಹೋಗತೊಡಗಿತು. ಆಯಕಟ್ಟಿನ ಜಾಗಗಳಲ್ಲಿ ಫೋನಿನಿಂದಲೇ ಹಚ್ಚಬಹುದಾದ ಕೆಂಪು ದೀಪಗಳನ್ನು ನೆಟ್ಟರು. ಸಂಜೆ ಕೆಲಸ ಮುಗಿಸಿ ಬರುವ ಕಾರ್ಮಿಕರಿಗೆ ಓದು ಬಾರದಿದ್ದರೂ, ಫೋನ್ ಇಲ್ಲದಿದ್ದರೂ ಆ ದೀಪ ಕಾಣುತ್ತದೆ. ಆನೆಯಿಂದಾಗುವ ಸಾವುಗಳು ಅಲ್ಲಿ ಇಳಿದವು. 2015ರಲ್ಲಿ ಆನಂದ ಕುಮಾರ್ ಅವರಿಗೆ ವಿಟ್ಲಿ ಪ್ರಶಸ್ತಿ ಬಂತು. ನಮ್ಮ ಹಾಸನ ಜಿಲ್ಲೆಯ ಆಲೂರು, ಸಕಲೇಶಪುರ ಭಾಗದಲ್ಲೂ ಇಂಥ ಮುನ್ಸೂಚನೆಯ ವ್ಯವಸ್ಥೆ ಬಂದಿದೆ.

ಇದರಲ್ಲಿ ದುಬಾರಿ ತಂತ್ರಜ್ಞಾನ ಯಾವುದೂ ಇಲ್ಲ. ಆನೆಯನ್ನು ಕಂಡು ಸುದ್ದಿ ಮುಟ್ಟಿಸುವವರು ಮನುಷ್ಯರೇ. ಯಂತ್ರದ ಪಾಲು ಸುದ್ದಿಯನ್ನು ತಕ್ಕವರಿಗೆ, ತಕ್ಕ ಹೊತ್ತಿಗೆ, ತಕ್ಕ ರೂಪದಲ್ಲಿ ಮುಟ್ಟಿಸುವುದು. ಯಾರಿಗೆ ಕಳಿಸಬೇಕು ಎಂಬ ನಿರ್ಧಾರದಲ್ಲೇ ಜಾಣತನವೆಲ್ಲ ಇದೆ. ಇಡೀ ತಾಲ್ಲೂಕಿಗೆ ಕಳಿಸಿದರೆ ದಿನವೂ ಬರುವ ಸುದ್ದಿಯನ್ನು ಜನ ಓದುವುದೇ ಬಿಡುತ್ತಾರೆ. ತೀರ ಹತ್ತಿರದವರಿಗೆ ಮಾತ್ರ ಕಳಿಸಿದರೆ, ಬೈಕಿನಲ್ಲಿ ಅತ್ತಲೇ ಹೊರಟವನಿಗೆ ತಿಳಿಯುವುದಿಲ್ಲ. ಸುಳ್ಳು ಎಚ್ಚರಿಕೆಯ ಬೆಲೆ ಒಂದು ಗಂಟೆಯ ಕಾಯುವಿಕೆ, ತಪ್ಪಿಹೋದ ಎಚ್ಚರಿಕೆಯ ಬೆಲೆ ಒಂದು ಪ್ರಾಣ. ಬೆಲೆ ಇಷ್ಟು ಅಸಮವಾಗಿರುವಲ್ಲಿ ಯಂತ್ರ ಎಚ್ಚರಿಸುವ ಕಡೆಗೇ ವಾಲಬೇಕು. ಆದರೆ ಜನ ನಂಬಿಕೆ ಕಳೆದುಕೊಳ್ಳುವಷ್ಟು ವಾಲಬಾರದು. ಗೆರೆ ಎಲ್ಲಿ ಎಂಬುದನ್ನು ರಾತ್ರಿ ಜೋಳದ ಹೊಲ ಕಾಯುವವರನ್ನು ಕೇಳಿಯೇ ತಿಳಿಯಬೇಕು.

ಹೊಲದಲ್ಲಿ, ಅಂಗಡಿಯಲ್ಲಿ

2020ರ ಮುಂಗಾರಿನಿಂದ ರೈತರೇ ಆ್ಯಪ್ ಮೂಲಕ ತಮ್ಮ ಬೆಳೆಯನ್ನು ದಾಖಲಿಸುವ ವ್ಯವಸ್ಥೆಯನ್ನು ಸರ್ಕಾರ ತಂದಿತು. ನೀವು ನಿಮ್ಮ ಸರ್ವೆ ನಂಬರಿನ ಒಳಗೇ ನಿಂತಿದ್ದೀರೋ ಇಲ್ಲವೋ ಎಂಬುದನ್ನು ಜಿ.ಪಿ.ಎಸ್. ನೋಡುತ್ತದೆ. ಬೆಂಬಲ ಬೆಲೆಯ ಖರೀದಿ, ಬೆಳೆ ವಿಮೆ, ಬೆಳೆನಷ್ಟ ಪರಿಹಾರ ಎಲ್ಲವೂ ಈ ದಾಖಲೆಯನ್ನು ಆಶ್ರಯಿಸಿವೆ. ಸಂದರ್ಭವರಿತ ಗಣಕ ನಮ್ಮ ಹಳ್ಳಿಗಳಲ್ಲಿ ಇಷ್ಟು ವ್ಯಾಪಕವಾಗಿ ಬಳಕೆಯಾದ ಉದಾಹರಣೆ ಅಪರೂಪ.

ಸಾಮಾನ್ಯ ಫೋನಿನ ಜಿ.ಪಿ.ಎಸ್. ಬಯಲಿನಲ್ಲೂ ಐದಾರು ಮೀಟರ್ ಆಚೀಚೆ ಹೇಳುವುದುಂಟು. ಹತ್ತು ಗುಂಟೆ ಹೊಲ ಚೌಕವಾಗಿದ್ದರೆ ಒಂದು ಬದಿ ಹೆಚ್ಚೆಂದರೆ 32 ಮೀಟರ್. ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಉದ್ದನೆಯ ಪಟ್ಟಿಯಾದರೆ ಅಗಲ ಇನ್ನೂ ಕಡಿಮೆ. ನೂರು ಎಕರೆಯ ಹೊಲದಲ್ಲಿ ಲೆಕ್ಕಕ್ಕೇ ಬಾರದ ತಪ್ಪು ಸಣ್ಣ ಹಿಡುವಳಿದಾರನಲ್ಲಿ ಹೊಲವನ್ನೇ ಬದಲಿಸುತ್ತದೆ. ಯಂತ್ರದ ತಪ್ಪು ಎಲ್ಲರಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ, ಬಡವನ ಕಡೆಗೆ ಜರುಗುತ್ತದೆ. ದಾಖಲಾದದ್ದನ್ನು ನೋಡಿ ಆಕ್ಷೇಪಣೆ ಸಲ್ಲಿಸಲು ಬೆಳೆ ದರ್ಶಕ ಎಂಬ ಆ್ಯಪ್ ಇದೆ. ಇಡೀ ಏರ್ಪಾಟಿನಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು ಈ ಆಕ್ಷೇಪಣೆಯ ಬಾಗಿಲು. ರೈತನ ಕಣ್ಣಿಗೆ ಅದು ಬೀಳುತ್ತದೆಯೇ, ತಟ್ಟಿದರೆ ತೆರೆಯುತ್ತದೆಯೇ ಎಂಬುದರ ಮೇಲೆ ವ್ಯವಸ್ಥೆಯ ಗುಣ ನಿಂತಿದೆ.

ನ್ಯಾಯಬೆಲೆ ಅಂಗಡಿಯ ಬೆರಳಚ್ಚಿನ ಯಂತ್ರವನ್ನೂ ಹೀಗೇ ನೋಡಬೇಕು. "ಇವರು ಯಾರು" ಎಂಬುದೂ ಸಂದರ್ಭದ ಒಂದು ಪ್ರಶ್ನೆಯೇ. ನೂಲು ಬಿಚ್ಚುವವರ ಬೆರಳು ದಿನವಿಡೀ ಬಿಸಿನೀರಿನ ಬೇಸಿನ್ನಿನಲ್ಲಿ ಅದ್ದಿರುತ್ತದೆ, ತುದಿ ಬೆಂದು ಸವೆಯುತ್ತದೆ. ಗಾರೆ ಕೆಲಸದವರದೂ, ವಯಸ್ಸಾದವರದೂ ಇದೇ ಪಾಡು. ಯಂತ್ರ ಒಲ್ಲೆ ಎಂದಾಗ ಯಂತ್ರಕ್ಕೆ ನಷ್ಟವಿಲ್ಲ. ಎದುರು ನಿಂತವರಿಗೆ ಒಂದು ದಿನದ ಕೂಲಿ ಹೋಗುತ್ತದೆ, ಅಕ್ಕಿಯೂ ಸಿಗುವುದಿಲ್ಲ. ಇಂಥ ಕಡೆ ಯಂತ್ರದ ಅನುಮಾನಕ್ಕೆ ಕೊನೆಯ ಮಾತಿನ ಅಧಿಕಾರ ಕೊಡಬಾರದು. ಬದಲಿ ದಾರಿ ಅಂಗಡಿಯವರ ದಯೆಯಾಗಿ ಉಳಿಯದೆ, ವ್ಯವಸ್ಥೆಯೊಳಗಿನ ಮೊದಲ ದರ್ಜೆಯ ದಾರಿಯಾಗಿರಬೇಕು. ಮೊಬೈಲಿಗೆ ಬರುವ ಓ.ಟಿ.ಪಿ. ಸಿಗ್ನಲ್ ಸಿಗದ ಸೋಲಿಗರ ಪೋಡಿನಲ್ಲಿ, ಅಂದರೆ ಹಾಡಿಯಲ್ಲಿ, ಬದಲಿ ದಾರಿ ಆಗುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ಭಾಷೆಯ ಊಹೆ

ಸ್ಥಳ ತಿಳಿದರೆ ಭಾಷೆ ತಿಳಿದಂತೆ ಎಂಬುದು ಅನೇಕ ವ್ಯವಸ್ಥೆಗಳ ನಂಬಿಕೆ. ಅದನ್ನು ಒರೆಗೆ ಹಚ್ಚಲು ಹನೂರು ಸೀಮೆಗಿಂತ ತಕ್ಕ ಜಾಗವಿಲ್ಲ. 1956ರವರೆಗೆ ಕೊಳ್ಳೇಗಾಲ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮಾರ್ಟಳ್ಳಿ ಕಡೆ ಮನೆಮಾತು ತಮಿಳು, ಬೆಟ್ಟದ ಪೋಡುಗಳಲ್ಲಿ ಸೋಲಿಗ ನುಡಿ, ಒಡೆಯರಪಾಳ್ಯದ ಬಳಿಯ ನಿರಾಶ್ರಿತರ ನೆಲೆಯಲ್ಲಿ ಟಿಬೆಟನ್. ಇಲ್ಲೇ ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆಗೆ ಈ ಎಲ್ಲ ಕಡೆಯವರೂ ಬರುತ್ತಾರೆ. ಜಿಲ್ಲೆ ಚಾಮರಾಜನಗರ ಎಂದು ಕಂಡೊಡನೆ ಕನ್ನಡದಲ್ಲೇ ಉಲಿಯುವ, ಗಡಿಯಾಚೆಯ ಟವರ್ ಸಿಕ್ಕೊಡನೆ ತಮಿಳಿಗೆ ಜಿಗಿಯುವ ಯಂತ್ರ ಇಬ್ಬರಿಗೂ ಅನ್ಯಾಯ ಮಾಡುತ್ತದೆ. ಜೊತೆಗೆ ಪುಸ್ತಕದ ಕನ್ನಡವನ್ನೇ ಬಲ್ಲ ಯಂತ್ರಕ್ಕೆ ನಮ್ಮ ಕಡೆಯ ಮಾತು ಕಿವಿಗೆ ಹತ್ತುವುದಿಲ್ಲ. ಪರಿಹಾರ ಸುಲಭ: ಒಮ್ಮೆ ಕೇಳಿ, ನೆನಪಿಟ್ಟುಕೊಂಡು, ಬದಲಿಸಲು ಬಿಡುವುದು. ಕೇಳಿದರೆ ಗೊತ್ತಾಗುವುದನ್ನು ಊಹಿಸುವುದು ಜಾಣತನವಲ್ಲ.

ಯಾರ ಮಾಹಿತಿ

ಇಷ್ಟೆಲ್ಲ ಸಂದರ್ಭ ಅರಿಯಬೇಕಾದರೆ ಯಂತ್ರ ನಮ್ಮನ್ನು ಸದಾ ನೋಡುತ್ತಿರಬೇಕು. ಅದಕ್ಕೆ ಮಿತಿ ಹಾಕುವ ಮಾತು ಬಂದಾಗ ಕರ್ನಾಟಕದವರೊಬ್ಬರ ಹೆಸರು ಬರುತ್ತದೆ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಎತ್ತಿಹಿಡಿಯಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂತು. ಕಾನೂನು ಒಂದು ಕಡೆಯಿರಲಿ, ವಿನ್ಯಾಸದಲ್ಲೇ ಇದನ್ನು ಸಾಧಿಸಬಹುದು. ಹುಳದ ಮನೆಯ ಲೆಕ್ಕ ಹುಳದ ಮನೆಯಲ್ಲೇ ಮುಗಿಯುವಂತಿದ್ದರೆ ಬೆಂಗಳೂರಿಗೆ ಕಳಿಸುವುದೇಕೆ? ಯಾವ ರೈತನ ಗೂಡು ಎಂದು ಮಾರುಕಟ್ಟೆಗೆ ಬರುತ್ತದೆ ಎಂಬುದು ಕೊಳ್ಳುವವನಿಗೆ ಮೊದಲೇ ತಿಳಿದರೆ ಬೆಲೆ ಎತ್ತ ಜಾರುತ್ತದೆ ಎಂದು ನಿಮಗೆ ನಾನು ವಿವರಿಸಬೇಕಿಲ್ಲ. ಕೇಂಬ್ರಿಡ್ಜಿನ ಬಿಲ್ಲೆಯಂತೆ ಕಳಚಿಡಲು ಬರಬೇಕು, ಸಿಂಪ್ಯೂಟರಿನ ಕಾರ್ಡಿನಂತೆ ವಾಪಸು ಎಳೆದುಕೊಳ್ಳಲು ಬರಬೇಕು.

ಮುಂದಿನ ಕೆಲಸ

ಕೊನೆಯದಾಗಿ ಇಲ್ಲಿರುವ ವಿದ್ಯಾರ್ಥಿಗಳಿಗೆ ಒಂದು ಕೆಲಸ ಒಪ್ಪಿಸಿ ಮಾತು ಮುಗಿಸುತ್ತೇನೆ. ಸಂವೇದಕ ಕೊಳ್ಳುವ ಮೊದಲು ಒಂದು ನೋಟ್‌ಬುಕ್ ಕೊಳ್ಳಿ. ನಿಮ್ಮ ಊರಿನ ಒಂದು ಹುಳದ ಮನೆಯಲ್ಲಿ, ಚಾಕಿಯಿಂದ ಹಿಡಿದು ಗೂಡು ಕಟ್ಟಲು ಚಂದ್ರಿಕೆಗೆ ಹುಳ ಬಿಡುವವರೆಗೆ, ಮನೆಯವರು ಏನು ಮಾಡಿದರು, ಏನು ಕಂಡು ಮಾಡಿದರು ಎಂದು ಬರೆಯಿರಿ. ಕಿಟಕಿ ತೆರೆದದ್ದು, ಸೊಪ್ಪು ತಡೆದದ್ದು, ರಾತ್ರಿ ಎದ್ದು ಬಂದದ್ದು ಎಲ್ಲವೂ ಇರಲಿ. ಪ್ರತಿ ಸಾಲಿನ ಮುಂದೆ ಮೂರು ಅಂಕಣ ಹಾಕಿ. ಇದನ್ನು ಯಂತ್ರ ನೋಡಬಲ್ಲದೇ? ತಪ್ಪಾಗಿ ನೋಡಿದರೆ ಎಷ್ಟು ನಷ್ಟ? ಸರಿಪಡಿಸಲು ಎಷ್ಟು ಹೊತ್ತಿದೆ? ನಷ್ಟ ಕಡಿಮೆ, ಹೊತ್ತು ಸಾಕಷ್ಟು ಇರುವ ಕೆಲಸಗಳನ್ನು ಯಂತ್ರಕ್ಕೆ ಬಿಡಿ. ನಷ್ಟ ದೊಡ್ಡದಿರುವಲ್ಲಿ ಯಂತ್ರ ಕೇಳಿ ಮಾಡಲಿ. ಯಂತ್ರ ನೋಡಲಾರದ ಕಡೆ ಅದು ಸುಮ್ಮನಿರಲಿ.

ಎರಡು ಬೆಳೆ ಹೀಗೆ ಬರೆದರೆ ನಿಮ್ಮ ಕೈಯಲ್ಲಿ ಒಂದು ವಿನ್ಯಾಸ ಇರುತ್ತದೆ. ದೊಡ್ಡ ಕಂಪನಿಗಳ ಬಳಿ ಹಣವಿದೆ, ಎಂಜಿನಿಯರುಗಳಿದ್ದಾರೆ, ಆದರೆ ಈ ನೋಟ್‌ಬುಕ್ ಇಲ್ಲ. ನಾಳೆ ಯಾರಾದರೂ ಸ್ವಯಂಚಾಲಿತ ಯಂತ್ರ ಮಾರಲು ಕಾಮಗೆರೆಗೆ ಬಂದಾಗ ಇದನ್ನು ಮುಂದಿಟ್ಟು, ಯಾವ ಸಾಲನ್ನು ನಿಮ್ಮ ಯಂತ್ರ ಮಾಡುತ್ತದೆ, ತಪ್ಪಿದರೆ ಯಾರು ಹೊಣೆ ಎಂದು ಕೇಳಿ. ಉತ್ತರ ಬರೆದುಕೊಟ್ಟವರ ಯಂತ್ರವನ್ನು ಮಾತ್ರ ಮನೆಯೊಳಕ್ಕೆ ಬಿಟ್ಟುಕೊಳ್ಳಿ.